ಕ್ಯಾರೆಟ್ ಪಾತಿಗೆ ಹೊದಿಸಿದ್ದು

ನಮ್ಮ ಅತ್ತೆಯ ಮಂಡಿಗೆ ಆಪರೇಷನ್ ಆದ ವರ್ಷವೇ ನಾನು ಮೊದಲ ಸಲ ಕ್ಯಾರೆಟ್ ಬೆಳೆದದ್ದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಅಂತ ನಾನು ಬಹಳ ದಿನ ನಂಬಿದ್ದೆ.

ಅತ್ತೆ ಇರುವುದು ಬಾಗೂರಿನಲ್ಲಿ, ನನ್ನ ಮೈದುನನ ಸಂಸಾರದ ಜೊತೆ. ಆಪರೇಷನ್ ಹಾಸನದಲ್ಲಿ ಆಗಬೇಕಿತ್ತು, ಆಮೇಲೆ ಕೆಲವು ತಿಂಗಳು ನಡೆಯುವ ಅಭ್ಯಾಸ ಮಾಡಿಸಬೇಕಿತ್ತು. ಹಾಗಾಗಿ ಗಣಪತಿ ಹಬ್ಬ ಮುಗಿಸಿಕೊಂಡು ಹಾಸನದ ನಮ್ಮ ಮನೆಗೆ ಬಂದರು. ಮನೆಗೆ ಕಳಿಸುವ ದಿನ ಡಾಕ್ಟರು ಒಂದೊಂದಾಗಿ ಹೇಳಿದರು: ಬಗ್ಗಬೇಡಿ, ಕುಕ್ಕರುಗಾಲಲ್ಲಿ ಕೂರಬೇಡಿ, ಗುಡಿಸೋದು ಸಾರಿಸೋದು ಅಂತೂ ಬೇಡವೇ ಬೇಡ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಇನ್ನೇನ್ ಮಾಡಾದು ಸಾ, ಬರೀ ಉಸ್ರಾಡಾದಾ?" ಅಂದರು.

ಗುಡಿಸಬೇಡಿ ಅಂದದ್ದೇ ಅವರಿಗೆ ದೊಡ್ಡ ಪೆಟ್ಟು. ಬಾಗೂರಿನ ಮನೆಯಲ್ಲಿ ಹಸು ಕರೆಯುವ ಮೊದಲೇ ಅವರ ಕಡ್ಡಿಪೊರಕೆಯ ಸದ್ದು ಕೇಳುತ್ತಿತ್ತು. ಮುಂದಿನ ಅಂಗಳ, ಹಿತ್ತಲು, ಕೊಟ್ಟಿಗೆಯ ಸುತ್ತ, ಕೊನೆಗೆ ತಿಪ್ಪೆಗೆ ಹೋಗುವ ದಾರಿಯನ್ನೂ ಗುಡಿಸಿ ತಿಪ್ಪೆಯ ಹತ್ತಿರ ನಿಂತು ಒಂದು ನಿಮಿಷ ನೋಡುತ್ತಿದ್ದರು. ತಿಪ್ಪೆಯನ್ನೇ ಗುಡಿಸಲಿಕ್ಕೆ ಆಗುವುದಿಲ್ಲವಲ್ಲ ಅನ್ನುವ ಬೇಸರ ಆ ನೋಟದಲ್ಲಿ ಇರುತ್ತಿತ್ತು. "ಗುಡಿಸ್ದೆ ಇರೋ ಅಂಗ್ಳ, ಮಕ ತೊಳೀದೆ ಇರೋ ಮಗಿನಂಗೆ" ಅನ್ನುವುದು ಅವರ ಮಾತು.

ನಾನು ಹೊಳೆನರಸೀಪುರದ ಪೇಟೆಯವಳು. ನಮ್ಮಪ್ಪನಿಗೆ ಬಟ್ಟೆ ಅಂಗಡಿ ಇತ್ತು. ನಮ್ಮ ಮನೆಯಲ್ಲಿ ಮಣ್ಣು ಅಂತ ಇದ್ದದ್ದು ತುಳಸಿಕಟ್ಟೆಯೊಳಗೆ ಮಾತ್ರ. ಮದುವೆಯಾಗಿ ಬಾಗೂರಿನ ರೈತರ ಮನೆಗೆ ಸೊಸೆಯಾಗಿ ಬಂದಾಗ ರಾಗಿ ಪೈರಿಗೂ ಹುಲ್ಲಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಾಸನದ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತ, ಮನೆ ಕಟ್ಟಿಸಿ, ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ನನಗೆ ಇದ್ದಕ್ಕಿದ್ದಂತೆ ತರಕಾರಿ ಬೆಳೆಯುವ ಹುಚ್ಚು ಹಿಡಿಯಿತು. ಬಸ್ ಡಿಪೋದಲ್ಲಿ ಕೆಲಸ ಮಾಡುವ ನನ್ನ ಗಂಡ, "ಇದು ಸೀರೆ ಹುಚ್ಚಿಗಿಂತ ವಾಸಿ" ಅಂತ ಒಂದು ಗುದ್ದಲಿ ತಂದುಕೊಟ್ಟರು.

ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಪಕ್ಕ ಒಂದು ಪಾತಿ ಮಾಡಿ ಕ್ಯಾರೆಟ್ ಬಿತ್ತಿದೆ. ಬೀಜ ನೋಡಲು ಜೀರಿಗೆಯ ಮರಿಯ ಹಾಗಿತ್ತು. ಅದು ಮೊಳೆಯುವಷ್ಟರಲ್ಲಿ ನನಗೆ ದೇವರ ಮೇಲಿನ ನಂಬಿಕೆಯೇ ಹೋಗುವುದರಲ್ಲಿತ್ತು, ಅಷ್ಟು ನಿಧಾನ. ಕೊನೆಗೊಂದು ದಿನ ಹಸಿರು ದಾರದ ಎಳೆಗಳ ಹಾಗೆ ಸಾಲಾಗಿ ಎದ್ದವು. ವಾಕರ್ ಬಿಟ್ಟು ಊರುಗೋಲು ಹಿಡಿದಿದ್ದ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಏನವ್ವ ಅದು, ಕೊತ್ತುಂಬ್ರಿಯಾ?"

"ಕ್ಯಾರೆಟ್, ಅತ್ತೆ."

"ಅದು ಅಂಗ್ಡೀಲಿ ಸಿಕ್ತದಲ್ಲ" ಅಂದು ಒಳಗೆ ಹೋದರು.

ಆ ದಿನಗಳಲ್ಲಿ ನಾನು ಫೋನಿನಲ್ಲಿ ತೋಟದ ವಿಡಿಯೋಗಳನ್ನು ನೋಡುತ್ತಿದ್ದೆ. ಅದರಲ್ಲಿ ಒಬ್ಬ ಹೆಂಗಸು ಪಾತಿಯ ತುಂಬ ಒಣಗಿದ ಎಲೆ ಹೊದಿಸಿ ಪಾಠ ಹೇಳುತ್ತಿದ್ದಳು. ಮಣ್ಣು ಬರಿಮೈಯಲ್ಲಿ ಇರಬಾರದು, ಹೊದಿಕೆ ಇದ್ದರೆ ತೇವ ಆರುವುದಿಲ್ಲ, ಕಳೆ ಕಡಿಮೆ, ಕ್ಯಾರೆಟ್ ಗಡ್ಡೆಯ ತಲೆ ಬಿಸಿಲಿಗೆ ಹಸಿರಾಗಿ ಕಹಿಯಾಗುವುದಿಲ್ಲ. ನಾನು ಒಂದೇ ಸಲಕ್ಕೆ ಅವಳ ಭಕ್ತೆಯಾದೆ. ಗಿಡಗಳು ಬೆರಳುದ್ದ ಆಗುತ್ತಲೇ ಸ್ಕೂಲಿನ ಬಾದಾಮಿ ಮರದಡಿ ಬಿದ್ದಿದ್ದ ತರಗನ್ನು ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ, ಸ್ಕೂಟರಿನ ಮುಂದೆ ಕಾಲ ಸಂದಿಯಲ್ಲಿಟ್ಟುಕೊಂಡು ಮನೆಗೆ ತಂದೆ. ಸಂಜೆ ಕೂತು, ಸಾಲಿನ ಮಧ್ಯೆ ಎಲೆಗಳನ್ನು ಮುರಿದು ಮುರಿದು ಹಾಸಿದೆ. ಮಗುವಿಗೆ ಹೊದಿಸಿದಷ್ಟು ಸಮಾಧಾನವಾಯಿತು.

ಮಾರನೆಯ ದಿನ ಸ್ಕೂಲಿನಿಂದ ಬಂದು ನೋಡಿದರೆ ಪಾತಿಯ ಮೇಲೆ ಒಂದು ಎಲೆ ಇಲ್ಲ. ಗಿಡಗಳಿಗೆ ಏನೂ ಆಗಿರಲಿಲ್ಲ. ಮಣ್ಣು ಮಾತ್ರ ಬಾಚಿದ ತಲೆಯ ಹಾಗೆ ಚೊಕ್ಕಟವಾಗಿತ್ತು.

ಗಾಳಿ ಅಂದುಕೊಂಡೆ. ಇನ್ನೊಂದು ಚೀಲ ತಂದು ಹಾಸಿ, ಮೇಲೆ ಕಡ್ಡಿಗಳನ್ನು ಅಡ್ಡಡ್ಡ ಇಟ್ಟೆ. ಮಾರನೆಯ ದಿನ ಎಲೆಯೂ ಇಲ್ಲ, ಕಡ್ಡಿಯೂ ಇಲ್ಲ. ಗಾಳಿ ಕಡ್ಡಿಯನ್ನು ಒಯ್ಯುವುದು ಹೇಗೆ? ಬೀದಿಯ ಹಸು ಅಂದುಕೊಂಡು ಗೇಟಿಗೆ ಹಗ್ಗ ಕಟ್ಟಿದೆ. ಆದರೂ ಹೋಯಿತು. ಹಟಕ್ಕೆ ಬಿದ್ದು ದಿನಾ ಸಂಜೆ ಒಂದು ಚೀಲ ತಂದು ಹಾಸತೊಡಗಿದೆ. ಹಿಂದಿನ ಬೀದಿಯ ಕೋಳಿಗಳು ಕೆದರುತ್ತವೆ ಅಂತ ಗಂಡ ಹೇಳಿದರು. ಕೋಳಿ ಕೆದರಿದರೆ ಎಲೆ ಅಲ್ಲೇ ಎಲ್ಲಾದರೂ ಬಿದ್ದಿರಬೇಕಲ್ಲ? "ತಿಂದಿರ್ಬೇಕು" ಅಂದರು. ಡಿಪೋದಲ್ಲಿ ಟಯರಿನ ಕೆಲಸ ಮಾಡುವ ಮನುಷ್ಯನಿಗೆ ಕೋಳಿಯ ಬಗ್ಗೆ ಅಷ್ಟೇ ಗೊತ್ತು.

ಇದೇ ಹೊತ್ತಿಗೆ ಅತ್ತೆಗೂ ಒಂದು ತಲೆನೋವು ಶುರುವಾಗಿತ್ತು. ಪಕ್ಕದ ಮನೆಯವರು ನೌಕರಿಯಿಂದ ನಿವೃತ್ತರಾದ ಸೌಮ್ಯ ಮನುಷ್ಯ. ಅವರ ಕಾಂಪೌಂಡಿನಲ್ಲೂ ಒಂದು ಬಾದಾಮಿ ಮರ, ಅದರ ಒಂದು ಕೊಂಬೆ ನಮ್ಮ ಕಡೆ ಚಾಚಿತ್ತು. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅದೇ ಮಾತು ತೆಗೆಯುತ್ತಿದ್ದರು. "ಆವಯ್ಯನ್ ಮರದ್ದು ಏನ್ ಕಸ ಕಣವ್ವ, ದಿನಾ ಒಂದ್ ಚೀಲ ಉದುರ್ತದೆ." ನಾನು ಟೆಸ್ಟ್ ಪೇಪರ್ ತಿದ್ದುತ್ತ, "ಹೌದು ಅತ್ತೆ, ಬಾದಾಮಿ ಮರ ಅಂದ್ರೆ ಕಸಾನೇ" ಅನ್ನುತ್ತಿದ್ದೆ. ನಾನು ಬೆಳಿಗ್ಗೆ ಸ್ಕೂಲಿಗೆ ಹೊರಟ ಮೇಲೆ ಅವರು ಕಾಂಪೌಂಡಿನ ಹತ್ತಿರ ನಿಂತು ಮರಕ್ಕೆ ಕೇಳುವ ಹಾಗೆ, ಅಂದರೆ ಮರದ ಯಜಮಾನರಿಗೆ ಕೇಳುವ ಹಾಗೆ, ಬೈಯುತ್ತಿದ್ದರಂತೆ. ಆ ಪಾಪದ ಮನುಷ್ಯ ಒಂದು ಭಾನುವಾರ ಆಳು ಕರೆಸಿ ನಮ್ಮ ಕಡೆಯ ಕೊಂಬೆಯನ್ನು ಕಡಿಸಿಬಿಟ್ಟರು. "ಇನ್ನು ನಿಮ್ಮ ಕಡೆ ಒಂದೆಲೆ ಬೀಳಲ್ಲ ಅಮ್ಮ" ಅಂತ ಅತ್ತೆಗೆ ಹೇಳಿದರು.

ಮಾರನೆಯ ಬೆಳಿಗ್ಗೆಯೂ ಒಂದು ಚೀಲ ಇತ್ತು. ಅಲ್ಲಿಂದಾಚೆಗೆ, ಆವಯ್ಯನೇ ಬೇಕೆಂದು ತಂದು ಸುರಿಯುತ್ತಾನೆ ಅಂತ ಅತ್ತೆ ತೀರ್ಮಾನ ಮಾಡಿದರು.

ಎರಡನೇ ಶನಿವಾರ ನನಗೆ ರಜೆ. ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಗಾಡಿ ಬಂತು. ಹಸಿ ಕಸದ ಬಕೆಟ್ಟು ಹಿಡಿದು ನಾನು ಗೇಟಿಗೆ ಹೋದೆ. ಗಾಡಿಯ ಹೆಂಗಸು ಬಕೆಟ್ಟು ಖಾಲಿ ಮಾಡಿ, "ಅಜ್ಜೀದು ಚೀಲ ಇಲ್ವಾ ಮೇಡಂ ಇವತ್ತು?" ಅಂದಳು.

"ಯಾವ ಚೀಲ?"

"ದಿನಾ ಕೊಡ್ತಾರಲ್ಲ, ತರಗಿನ್ ಚೀಲ. ಇಷ್ಟು ನೀಟಾಗಿ ಒಣ ಕಸ ಬ್ಯಾರೆ ಮಾಡಿ ಕೊಡೋರು ಈ ಬೀದೀಲಿ ಇನ್ನೊಬ್ರಿಲ್ಲ ಬುಡಿ."

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಅತ್ತೆ ಬಂದರು. ಒಂದು ಕೈಯಲ್ಲಿ ನನ್ನ ಗೊಬ್ಬರದ ಚೀಲ, ತುಂಬಿತ್ತು. ಇನ್ನೊಂದು ಕೈಯಲ್ಲಿ ಊರುಗೋಲು. ಊರುಗೋಲಿನ ತುದಿಗೆ ಕಡ್ಡಿಪೊರಕೆಯನ್ನು ಹಳೇ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿದ್ದರು. ಬಗ್ಗಬೇಡಿ ಅಂತ ಡಾಕ್ಟರು ಹೇಳಿದ್ದರು, ಅವರು ಬಗ್ಗಿರಲಿಲ್ಲ. ನಿಂತೇ ಗುಡಿಸಿದ್ದರು. ಸಂಜೆ ನಾನು ಯಾವ ಚೀಲದಲ್ಲಿ ತರಗು ತರುತ್ತಿದ್ದೆನೋ ಬೆಳಿಗ್ಗೆ ಅದೇ ಚೀಲದಲ್ಲಿ ಅದು ಊರು ಬಿಡುತ್ತಿತ್ತು.

"ಅತ್ತೆ, ಆ ಎಲೆ ಹಾಕ್ತಿರೋದು ನಾನು" ಅಂದೆ.

"ನೀನಾ?"

"ಹೂಂ."

"ಎಲ್ಲಿಂದ ತತ್ತೀಯ?"

"ಸ್ಕೂಲಿಂದ."

ಅತ್ತೆ ಚೀಲ ಕೆಳಗಿಟ್ಟರು. "ಸ್ಕೂಲಲ್ಲಿ ಸಂಬ್ಳದ ಜೊತೇಲಿ ಇದೂ ಕೊಡ್ತಾರಾ?"

ಗಾಡಿಯ ಹೆಂಗಸು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ನಾನು ಅಲ್ಲೇ ಗೇಟಿನ ಬಳಿ ನಿಂತು ತೇವದ ವಿಚಾರ, ಕಳೆಯ ವಿಚಾರ, ಬಿಸಿಲಿನ ವಿಚಾರ ಎಲ್ಲ ಹೇಳಿದೆ. ನನ್ನ ಕ್ಲಾಸಿನ ಮಕ್ಕಳು ಕೇಳುವುದಕ್ಕಿಂತ ಗಮನವಿಟ್ಟು ಅತ್ತೆ ಕೇಳಿದರು. ಮುಗಿದ ಮೇಲೆ, "ಮೊದ್ಲೇ ಒಂದ್ ಮಾತು ಏಳಾಕೇನಾಗಿತ್ತು?" ಅಂದರು. ನಿಜ. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ಪಕ್ಕದ ಮನೆಯ ಕಡೆ ನೋಡಿದೆವು. ಕೊಂಬೆ ಕಡಿದ ಜಾಗ ಇನ್ನೂ ಹಸಿಯಾಗಿ ಬೆಳ್ಳಗಿತ್ತು.

"ನೀನೇ ಓಗಿ ಏಳು" ಅಂದರು ಅತ್ತೆ. "ನಂಗೆ ಮಂಡಿ ನೋವು."

ಹೋಗಿ ಹೇಳಿದೆ. ಅವರು ಕೊಂಬೆ ಕಡಿದ ಜಾಗದ ಕಡೆ ನೋಡಿ, "ನಾನೂ ದಿನಾ ಬೆಳಿಗ್ಗೆ ಆ ಮರಾನ ಬೈತಿದ್ದೆನಲ್ಲಮ್ಮ" ಅಂದರು. ಅವರ ದುಃಖ ಕೊಂಬೆಗಿಂತ ಆ ಬೈಗುಳದ್ದೇ ಹೆಚ್ಚಾಗಿತ್ತು. ಕಾಫಿ ಕೊಟ್ಟು ಕಳಿಸಿದರು.

ಇಷ್ಟಾದ ಮೇಲೆ ಅತ್ತೆ ಬಿಟ್ಟುಬಿಡುತ್ತಾರೆ ಅಂದುಕೊಂಡೆ. ಅವರು ಬಿಡಲಿಲ್ಲ. ಹೊದಿಕೆಯ ವಿಚಾರದಲ್ಲಿ ಅವರಿಗೆ ಒಪ್ಪಿಗೆ ಇತ್ತೋ ಇಲ್ಲವೋ, ತರಗಿನ ವಿಚಾರದಲ್ಲಂತೂ ಇರಲಿಲ್ಲ. "ಒದ್ಸಾದೇ ಆದ್ರೆ ಮರ್ವಾದೆಯಾಗಿ ಒದ್ಸು. ತರಗು ತಿಪ್ಪೆಗಾಕಾದು. ನಮ್ಮ ಮೆದೇಲಿ ರಾಗಿ ಉಲ್ಲಿಲ್ವಾ?" ಅಂತ ಫೋನ್ ತರಿಸಿ, ಸ್ಪೀಕರ್ ಹಾಕಿಸಿ, ಬಾಗೂರಿನಲ್ಲಿದ್ದ ಚಿಕ್ಕ ಮಗನಿಗೆ ಮಾತಾಡಿದರು.

"ಲೇ, ಒಂದ್ ಒರೆ ರಾಗಿ ಉಲ್ಲು ಕಳ್ಸು ಕಣ್ಲಾ."

"ಯಾಕವ್ವ, ಅಣ್ಣ ಹಸ ಕಟ್ಟವ್ನಾ?" ಅಂದ ನನ್ನ ಮೈದುನ.

"ಹಸಕ್ಕಲ್ಲ ಕಣ್ಲಾ, ಕ್ಯಾರೆಟ್ಟಿಗೆ."

"ಕ್ಯಾರೆಟ್ಟಿಗಾ?" ಅಂತ ಅವನು ಎರಡು ಸಲ ಕೇಳಿದ. ಆಮೇಲೆ, "ಅವ್ವ, ಒಸಿ ಅತ್ಗೆಗೆ ಫೋನ್ ಕೊಡು" ಅಂದ. ನಾನು ಸ್ಪೀಕರ್ ಆರಿಸಿ ಕಿವಿಗಿಟ್ಟುಕೊಂಡೆ. ಅವನು ದನಿ ತಗ್ಗಿಸಿ ಕೇಳಿದ: "ಅತ್ಗೆ, ಅವ್ವಂಗೆ ಆಪ್ರೇಸನ್ ಮಂಪರು ಇನ್ನೂ ಇಳ್ದಿಲ್ವಾ?"

ಹುಲ್ಲು ತಂದವರು ನನ್ನ ಗಂಡ. ರಜೆಯ ದಿನ ಬಾಗೂರಿಗೆ ಹೋಗಿ, ಚನ್ನರಾಯಪಟ್ಟಣದಲ್ಲಿ ಬಸ್ ಬದಲಾಯಿಸಿ, ಹೊರೆಯನ್ನು ಹಿಂದಿನ ಸೀಟಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಬಂದರು. ಕಂಡಕ್ಟರು ಅವರ ಪರಿಚಯದವನೇ. ಟಿಕೆಟ್ ಕೊಡುವಾಗ ಹೊರೆಯನ್ನು ನೋಡಿ, "ಹಸ ಹಿಂದಿನ್ ಬಸ್ಸಿಗೆ ಬತ್ತದಾ ಸಾ?" ಅಂತ ಕೇಳಿದನಂತೆ. ಇಡೀ ಬಸ್ಸು ನಕ್ಕಿತಂತೆ. ಮನೆಗೆ ಬಂದು ಹೊರೆ ಇಳಿಸಿದಾಗ ಅವರ ತಲೆಗೂದಲಲ್ಲೂ ಜೇಬಲ್ಲೂ ಹುಲ್ಲಿತ್ತು.

ಅತ್ತೆ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದ ಹಾಗೆ ನಾನು ಹುಲ್ಲು ಹೊದಿಸಿದೆ. ಒಂದೇ ಕಡೆ ಗುಡ್ಡೆಯಾಗಬಾರದು, ಗಿಡದ ಕೊರಳಿಗೆ ಒತ್ತಬಾರದು, ತುದಿಗಳೆಲ್ಲ ಒಂದೇ ಮುಖವಾಗಿ ಇರಬೇಕು. ಕೊನೆಯದು ಯಾವ ವಿಡಿಯೋದಲ್ಲೂ ಇರಲಿಲ್ಲ. ಅದು ಚೆನ್ನಾಗಿ ಕಾಣಲಿ ಅಂತ ಮಾತ್ರ. ಮುಗಿಸಿ ನೋಡಿದರೆ ಪಾತಿ ಬಾಚಣಿಗೆ ಆಡಿಸಿದ ಹಾಗಿತ್ತು. ಗುಡಿಸುವವರೂ ಹೊದಿಸುವವರೂ ಇಬ್ಬರೂ ಒಪ್ಪುವಂಥ ಪಾತಿ.

ಮಳೆ ಹಿಂದಾಗಿ ಬಿಸಿಲು ಬಿದ್ದರೂ ಹುಲ್ಲಿನಡಿ ಕೈ ಹಾಕಿದರೆ ಮಣ್ಣು ತಣ್ಣಗೆ ಒದ್ದೆಯಾಗಿರುತ್ತಿತ್ತು. ನಾನು ಸ್ಟಾಫ್ ರೂಮಿನಲ್ಲಿ ಇದನ್ನೇ ಹೇಳಿ ಹೇಳಿ, ನಾನು ಬಂದರೆ ಇತಿಹಾಸದ ಟೀಚರು ನೀರು ಕುಡಿಯಲು ಎದ್ದು ಹೋಗುವಷ್ಟಾಯಿತು.

ಆಮೇಲೆ ಹುಲ್ಲಿನ ನಡುವಿನಿಂದ ತೆಳ್ಳಗೆ ಹಸಿರು ಗರಿಗಳು ಎದ್ದವು. ಒಂದೆರಡಲ್ಲ, ಪಾತಿಯ ತುಂಬ. ಕಳೆ ಬರುವುದಿಲ್ಲ ಅಂದಿದ್ದ ಆ ವಿಡಿಯೋದವಳನ್ನು ಮನಸ್ಸಿನಲ್ಲೇ ಬೈದುಕೊಂಡು, ಬೆಳಿಗ್ಗೆ ಬೇಗ ಎದ್ದು ಕೀಳಲು ಕೂತೆ. ಮೊದಲ ಗಿಡಕ್ಕೆ ಕೈ ಹಾಕಿದ್ದೆನೋ ಇಲ್ಲವೋ, ಹಿಂದಿನಿಂದ ಅತ್ತೆಯ ದನಿ ಬಂತು.

"ಮುಟ್ಬ್ಯಾಡ."

"ಕಳೆ, ಅತ್ತೆ."

"ಕಳೆ ಅಂತೆ ಕಳೆ. ರಾಗಿ ಕಣವ್ವ ಅದು. ಉಲ್ಲಲ್ಲಿ ಕಾಳು ಉಳ್ಕಂಡಿದ್ವು. ಅನ್ನ ಕೀಳ್ತಾರಾ ಯಾರಾರ?"

"ಕ್ಯಾರೆಟ್ ಪಾತೀಲಿ ಬಂದ್ರೆ ರಾಗೀನೂ ಕಳೆನೇ, ಅತ್ತೆ. ನಾವು ಬಿತ್ತದೆ ಬಂದಿದ್ದೆಲ್ಲ ಕಳೆ." ಇದು ಪಾಠದಲ್ಲಿ ಬರುವ ಮಾತು. ನನಗೆ ಬಾಯಿಪಾಠ.

ಅತ್ತೆ ಕೋಲು ಊರಿಕೊಂಡು ಹತ್ತಿರ ಬಂದರು. "ನಿನ್ನೂ ನಾವು ಬಿತ್ತಿರ್ನಿಲ್ಲ. ಒಳೆನರಸೀಪುರ್ದಿಂದ ಬಂದೆ. ಕಿತ್ತಾಕುದ್ವಾ?"

ನಾನು ಕೂತಲ್ಲೇ ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಆ ಮಾತನ್ನು ತಮಾಷೆಗೆ ಹೇಳಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಹೊಸದಾಗಿ ಆ ಮನೆಗೆ ಬಂದು, ಒಲೆ ಉರಿಸಲು ಬಾರದೆ, ಮುದ್ದೆ ತಿರುವಲು ಬಾರದೆ, ಹಸುವಿನ ಹತ್ತಿರ ಹೋಗಲು ಹೆದರಿ ನಿಂತಿದ್ದ ಹುಡುಗಿ ನಾನು. ಆ ದಿನಗಳಲ್ಲಿ ಅವರು ಒಂದು ಗಡಸು ಮಾತೂ ಆಡಿರಲಿಲ್ಲ. ನನ್ನ ಕೈಯಲ್ಲಿ ಗಂಟುಗಂಟಾದ ಮುದ್ದೆಯನ್ನು ತಾವೇ ತಟ್ಟೆಗೆ ಹಾಕಿಕೊಂಡು, ಚೆನ್ನಾಗಿರುವುದನ್ನು ಗಂಡಸರಿಗೆ ಬಡಿಸುತ್ತಿದ್ದರು.

"ಹಂಗಾದ್ರೆ ಏನ್ ಮಾಡೋಣ ಹೇಳಿ" ಅಂದೆ.

"ನಾಟಿ ಮಾಡಾನ."

ಬೇರು ಹರಿಯದಂತೆ ಒಂದೊಂದೇ ಪೈರು ಎಬ್ಬಿಸಿ, ಕಾಂಪೌಂಡಿನ ಉದ್ದಕ್ಕೂ ಹೂವಿನ ಗಿಡಗಳಿಗೆ ಅಂತ ಬಿಟ್ಟಿದ್ದ ಜಾಗದಲ್ಲಿ ನೆಟ್ಟೆ. ಬಗ್ಗಿದವಳು ನಾನು, ಕುರ್ಚಿಯಿಂದ ಕೋಲು ಚಾಚಿ ಇಲ್ಲಿ, ಅಲ್ಲಿ ಅಂತ ಜಾಗ ತೋರಿಸಿದವರು ಅವರು. ಸಂಜೆಗೆ ನನ್ನ ಸೊಂಟ ನನ್ನದಾಗಿರಲಿಲ್ಲ. ಮಂಡಿ ಆಪರೇಷನ್ ಆದವರು ಯಾರು ಅಂತ ಕೇಳಿದ್ದರೆ ನೋಡಿದವರು ತಪ್ಪು ಹೇಳುತ್ತಿದ್ದರು. ಡಾಲಿಯಾ ಹಾಕಬೇಕು ಅಂತ ನಾನು ಇಟ್ಟುಕೊಂಡಿದ್ದ ಜಾಗದಲ್ಲಿ ರಾಗಿ ಸಾಲಾಗಿ ನಿಂತಿತು.

ಅಲ್ಲಿಂದ ಅತ್ತೆಗೆ ದಿನವೆಲ್ಲ ಕೆಲಸ. ಬೆಳಿಗ್ಗೆ ರಾಗಿಯ ತನಕ ನಡೆಯುವುದು, ಅಲ್ಲಿಂದ ಕ್ಯಾರೆಟ್ ಪಾತಿಗೆ, ಮತ್ತೆ ರಾಗಿಗೆ. ನಡೆಯುವ ಅಭ್ಯಾಸ ಮಾಡಿಸುವವನು ಮನೆಗೆ ಬಂದಾಗ, "ಇವ್ರಿಗೆ ನಾನು ಹೇಳ್ಕೊಡೋದು ಏನೂ ಉಳಿದಿಲ್ಲ" ಅಂದ.

ಡಿಸೆಂಬರಿನ ಚಳಿಯಲ್ಲಿ ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಕೂಗಿದರು. "ಬಾ ಇಲ್ಲಿ. ನಿನ್ ಕ್ಯಾರೆಟ್ಗೋಳು ಮಾನ ಬುಟ್ಟು ನಿಂತವೆ."

ಹೋಗಿ ನೋಡಿದೆ. ಗಡ್ಡೆ ದಪ್ಪವಾಗಿ, ಕೆಂಪು ಹೆಗಲುಗಳು ಮಣ್ಣಿನಿಂದ ಮೇಲೆ ಎದ್ದಿದ್ದವು. ಹುಲ್ಲು ಕರಗಿ ಅಲ್ಲಲ್ಲಿ ತೆಳ್ಳಗಾಗಿತ್ತು. ನಾನು ಬಿಸಿಲು ಬಿದ್ದರೆ ಹಸಿರಾಗುವ ವಿಚಾರ ತೆಗೆಯುವಷ್ಟರಲ್ಲಿ ಅತ್ತೆ ಕೋಲಿನ ತುದಿಯಿಂದ ಹುಲ್ಲನ್ನು ಅತ್ತ ಇತ್ತ ಸರಿಸಿ ಒಂದೊಂದರ ಹೆಗಲಿಗೂ ಹೊದಿಸತೊಡಗಿದ್ದರು, ಸೆರಗು ಸರಿ ಮಾಡುವವರ ಹಾಗೆ. "ಬೀದಿಗೆ ಕಾಣ್ತದೆ" ಅಂದರು. ನಮ್ಮ ಹಿತ್ತಲು ಬೀದಿಗೆ ಕಾಣುವುದಿಲ್ಲ. ನಾನೂ ಕೂತು ಒಂದಷ್ಟಕ್ಕೆ ಹೊದಿಸಿದೆ.

ಕ್ಯಾರೆಟ್ ಕಿತ್ತ ದಿನ ಮನೆಯಲ್ಲಿ ಹಬ್ಬದ ಸಡಗರ. ಅಂಗಡಿಯ ಕ್ಯಾರೆಟ್ಟಿನಂತೆ ನೇರವಾಗಿದ್ದವು ಕೆಲವೇ. ಮಿಕ್ಕವು ಮಣ್ಣಿನೊಳಗೆ ಕಲ್ಲು ಸಿಕ್ಕಿ ಸೊಟ್ಟಗಾಗಿದ್ದವು, ಕವಲೊಡೆದಿದ್ದವು. ಒಂದಕ್ಕೆ ಎರಡು ಕಾಲು, ಒಂದರ ಮೇಲೊಂದು ಹಾಕಿಕೊಂಡಿತ್ತು. ಅತ್ತೆ ಅದನ್ನು ತೊಳೆದು ಎತ್ತಿ ಹಿಡಿದು, "ನಿನ್ ಗಂಡ ಪೇಪರ್ ಓದ್ವಾಗ ಇಂಗೇ ಕೂರಾದು" ಅಂದರು. ಯಾವುದರ ಹೆಗಲೂ ಹಸಿರಾಗಿರಲಿಲ್ಲ. ನೇರವಾಗಿದ್ದವನ್ನೆಲ್ಲ ಆರಿಸಿ ಅತ್ತೆಯೇ ಪಕ್ಕದ ಮನೆಗೆ ತೆಗೆದುಕೊಂಡು ಹೋದರು. ಅಲ್ಲಿ ಏನು ಮಾತಾಡಿದರೋ ತಿಳಿಯದು. ಬಹಳ ಹೊತ್ತು ಬರಲಿಲ್ಲ. ಬರುವಾಗ ಉಪ್ಪಿನಕಾಯಿ ಬಾಟಲಿ ತಂದರು.

ರಾಗಿ ಕೈಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅತ್ತೆ ಆ ವಾರ ಬಾಗೂರಿಗೆ ಹೊರಡುವವರಿದ್ದರು. ತೆನೆ ಕೊಯ್ದು ತಾರಸಿಯ ಮೇಲೆ ಒಣಗಿಸಿ, ಕೈಯಲ್ಲೇ ಉಜ್ಜಿ, ಮೊರದಲ್ಲಿ ಕೇರಿದರೆ ಒಂದು ಲೋಟ ಕಾಳಾಯಿತು. ಗುಬ್ಬಚ್ಚಿಗಳು ಅದಕ್ಕಿಂತ ಹೆಚ್ಚು ತಿಂದಿದ್ದವು. ಮಿಕ್ಸಿಯಲ್ಲಿ ಬೀಸಿ ನೋಡಿದೆ. ಮೂವರಿರಲಿ, ಒಬ್ಬರ ಊಟಕ್ಕೂ ಸಾಲದು. ನನ್ನ ಗಂಡ ಬೆಳಿಗ್ಗೆಯೇ ಡಿಪೋದಲ್ಲಿ ಎಲ್ಲರಿಗೂ ಹೇಳಿ ಬಂದಿದ್ದರು, ಇವತ್ತು ನಮ್ಮ ಹಿತ್ತಲ ರಾಗಿ ಮುದ್ದೆ ಅಂತ.

ಅತ್ತೆ ಪಾತ್ರೆಯೊಳಗೆ ಇಣುಕಿ ನೋಡಿ, ಅಡುಗೆಮನೆಯ ಬಾಗಿಲು ಸ್ವಲ್ಪ ಮುಂದಕ್ಕೆ ತಳ್ಳಿದರು. "ಅಂಗ್ಡಿ ಇಟ್ಟಿನ್ ಡಬ್ಬ ಎಲ್ಲೈತೆ?"

"ಮೇಲೆ, ಅತ್ತೆ."

"ತಗಿ. ಯಾರ್ಗೂ ಏಳ್ಬ್ಯಾಡ."

ಅಂಗಡಿಯ ಹಿಟ್ಟಿಗೆ ನಮ್ಮ ರಾಗಿಯನ್ನು ಬೆರೆಸಿದೆವು, ಹಾಲಿಗೆ ನೀರು ಬೆರೆಸಿದ ಹಾಗಲ್ಲ, ನೀರಿಗೆ ಹಾಲು ಬೆರೆಸಿದ ಹಾಗೆ. ಅವರೆಕಾಳಿನ ಸಾರಿಗೆ ಸೊಟ್ಟ ಕ್ಯಾರೆಟ್ಟು ಹೆಚ್ಚಿ ಹಾಕಿದೆ. ಮುದ್ದೆ ನಾನೇ ತಿರುವಿದೆ, ಗಂಟಿರಲಿಲ್ಲ.

ನನ್ನ ಗಂಡ ಮೊದಲ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿ, ಕಣ್ಣು ಮುಚ್ಚಿಕೊಂಡರು. "ನೋಡಿ, ಹೊಸ ರಾಗಿ ಅಂದ್ರೆ ಇದು. ಅಂಗಡಿ ಹಿಟ್ಟು ಇದರ ಹತ್ರಕ್ಕೂ ಬರಲ್ಲ. ಅವ್ವ, ಗೊತ್ತಾಗ್ತದಾ ನಿಂಗೆ?"

"ಊಂ ಕಣಪ್ಪ" ಅಂದರು ಅತ್ತೆ ಬಹಳ ಗಂಭೀರವಾಗಿ. "ನಿಂದು ನಿಮ್ಮಪ್ಪನ ನಾಲ್ಗೆ."

ನಾನು ಸಾರು ತರುವ ನೆಪ ಮಾಡಿಕೊಂಡು ಅಡುಗೆಮನೆಗೆ ಎದ್ದು ಹೋದೆ. ಅಲ್ಲಿ ಗೋಡೆಗೆ ಮುಖ ಮಾಡಿ ನಿಂತು ನಗು ಅಡಗಿಸಿಕೊಳ್ಳುತ್ತಿದ್ದಾಗ ಹೊರಗಿನಿಂದ ಅತ್ತೆ ಕೂಗಿದ್ದು ಕೇಳಿಸಿತು. "ಇನ್ನೊಂದ್ ಮುದ್ದೆ ತತ್ತಾರವ್ವ, ಒಟ್ಟೆ ತುಂಬ ಉಣ್ಲಿ."